ವಾಪಸ್ ಪಡೆದ ಅರ್ಜಿ ಏನಾಗುತ್ತದೆ?

1985ರಲ್ಲಿ ಮಧ್ಯಪ್ರದೇಶ ಹೈಕೋರ್ಟಿನ ಮುಂದೆ ಒಂದು ರಿಟ್ ಅರ್ಜಿ ಬಂತು. ಅರ್ಜಿದಾರರು ಸರಗುಜಾ ಟ್ರಾನ್ಸ್‌ಪೋರ್ಟ್ ಸರ್ವಿಸ್ ಎಂಬ ಬಸ್ ಸಂಸ್ಥೆಯವರು. ಪರವಾನಗಿಯ ವಿಷಯದಲ್ಲಿ ಗ್ವಾಲಿಯರ್‌ನ ರಾಜ್ಯ ಸಾರಿಗೆ ಮೇಲ್ಮನವಿ ನ್ಯಾಯಮಂಡಲಿ ಕೊಟ್ಟಿದ್ದ ಆದೇಶ ಅವರಿಗೆ ಒಪ್ಪಿಗೆಯಾಗಿರಲಿಲ್ಲ. ಅರ್ಜಿಯನ್ನು ವಿಚಾರಣೆಗೆ ಅಂಗೀಕರಿಸಬೇಕೇ ಬೇಡವೇ ಎಂದು ನೋಡುವ ದಿನ ಸಂಸ್ಥೆಯ ವಕೀಲರು ಎದ್ದು ನಿಂತು, ಅರ್ಜಿಯನ್ನು ಹಿಂದಕ್ಕೆ ಪಡೆಯಲು ಅನುಮತಿ ಕೇಳಿದರು. ನ್ಯಾಯಾಲಯ ಒಪ್ಪಿತು. ವಕೀಲರು ಅನುಮತಿ ಕೋರಿದ್ದಾರೆ, ಕೊಡಲಾಗಿದೆ, ಅರ್ಜಿಯನ್ನು ಹಿಂದಕ್ಕೆ ಪಡೆದ ಕಾರಣ ವಜಾ ಮಾಡಲಾಗಿದೆ. ಆದೇಶ ಇಷ್ಟೇ.

ಕೆಲಕಾಲದ ಮೇಲೆ ಅದೇ ಸಂಸ್ಥೆ, ಅದೇ ನ್ಯಾಯಮಂಡಲಿಯ ಅದೇ ಆದೇಶದ ವಿರುದ್ಧ, ಅದೇ ಹೈಕೋರ್ಟಿಗೆ ಇನ್ನೊಂದು ಅರ್ಜಿ ಹಾಕಿತು. ಈ ಸಲ ಹೈಕೋರ್ಟ್ ಬಾಗಿಲಲ್ಲೇ ತಡೆಯಿತು. ಮೊದಲನೆಯದನ್ನು ಹಿಂದಕ್ಕೆ ಪಡೆದ ಮೇಲೆ ಎರಡನೆಯದಕ್ಕೆ ಎಡೆಯಿಲ್ಲ ಎಂದಿತು. ಸಂಸ್ಥೆ ಸುಪ್ರೀಂ ಕೋರ್ಟಿಗೆ ಹೋಯಿತು. ಮೊದಲ ಅರ್ಜಿಯ ಗುಣದೋಷಗಳ ಬಗ್ಗೆ ಯಾರೂ ಒಂದು ಮಾತು ಆಡಿಲ್ಲ. ತೀರ್ಮಾನವೇ ಆಗದ ವಿಷಯ ಮುಗಿದುಹೋದದ್ದು ಹೇಗೆ ಎಂಬುದು ಅದರ ವಾದದ ತಿರುಳು.

ಕೋರ್ಟು ಕಚೇರಿಗೆ ಅಲೆದವರಿಗೆ ಇದು ಹೊಸ ಪ್ರಶ್ನೆಯಲ್ಲ. ಪತ್ರಿಕೆಗಳಲ್ಲಿ ‘ಅರ್ಜಿ ವಜಾ’ ಎಂಬ ತಲೆಬರಹ ಕಂಡರೆ ಓದುಗರು ಅರ್ಜಿದಾರ ಸೋತನೆಂದೇ ತಿಳಿಯುತ್ತಾರೆ. ‘ಇತ್ಯರ್ಥ’ ಎಂದು ಬರೆದರೆ ಏನೋ ಒಂದು ತೀರ್ಮಾನವಾಯಿತೆಂದು ಭಾವಿಸುತ್ತಾರೆ. ‘ವಿಲೇವಾರಿ’ ಎಂದರೆ ಕಡತ ಕಪಾಟು ಸೇರಿತು ಎಂಬಷ್ಟೇ ಅರ್ಥ. ಹಳೆಯ ಲೆಕ್ಕದ ಪುಸ್ತಕಗಳಲ್ಲಿ ‘ವಜಾ’ ಎಂದರೆ ಕಳೆಯುವುದು. ಜಮೆಯಿಂದ ಖರ್ಚನ್ನು ವಜಾ ಹಾಕುತ್ತಿದ್ದರು. ನ್ಯಾಯಾಲಯದ ಪಟ್ಟಿಯಿಂದ ಒಂದು ಪ್ರಕರಣವನ್ನು ಕಳೆದಾಗಲೂ ಅದೇ ಪದ. ಆದರೆ ವಾಪಸ್ ಪಡೆದ ಅರ್ಜಿ ವಜಾ ಆದಾಗ ಯಾರು ಸರಿ, ಯಾರು ತಪ್ಪು ಎಂದು ನ್ಯಾಯಾಲಯ ಹೇಳಿರುವುದಿಲ್ಲ. ಹೇಳದಿದ್ದರೂ ಅರ್ಜಿದಾರನಿಗೆ ಮರಳಿ ಬರುವ ದಾರಿ ಮುಚ್ಚಿರಬಹುದು. ಈ ವಿಚಿತ್ರ ಸ್ಥಿತಿಯ ಹಿಂದೆ ಹಲವು ಶತಮಾನಗಳ ಕಥೆಯಿದೆ.

ಕರೆದಾಗ ಓಗೊಡದ ವಾದಿ

ಕಥೆ ಶುರುವಾಗುವುದು ಇಂಗ್ಲೆಂಡಿನಲ್ಲಿ. ಅಲ್ಲಿನ ಹಳೆಯ ನ್ಯಾಯಾಲಯಗಳಲ್ಲಿ ಜ್ಯೂರಿ ತೀರ್ಪು ಹೇಳುವ ಹೊತ್ತಿಗೆ ವಾದಿ ಖುದ್ದಾಗಿ ಅಥವಾ ವಕೀಲನ ಮೂಲಕ ಹಾಜರಿರಬೇಕಿತ್ತು. ಕೂಗುವವನು ಹೆಸರು ಕರೆಯುತ್ತಿದ್ದ. ವಾದಿ ಓಗೊಡದಿದ್ದರೆ ಜ್ಯೂರಿ ತೀರ್ಪು ಕೊಡುವಂತಿರಲಿಲ್ಲ. ತನ್ನ ಮೊರೆಯನ್ನು ತಾನೇ ಮುಂದುವರಿಸಲಿಲ್ಲ ಎಂದು ದಾಖಲಿಸಿ, ಪ್ರತಿವಾದಿಗೆ ಖರ್ಚು ಕೊಡಿಸಿ, ದಾವೆಯನ್ನು ಮುಗಿಸುತ್ತಿದ್ದರು. ಇದಕ್ಕೆ ‘ನಾನ್‌ಸೂಟ್’ ಎಂದು ಹೆಸರು.

ಚಾಣಾಕ್ಷ ವಕೀಲರು ಇದರಲ್ಲಿ ಒಂದು ಉಪಾಯ ಕಂಡುಕೊಂಡರು. ಸಾಕ್ಷ್ಯ ಸಾಲದು, ಜ್ಯೂರಿಯ ಮುಖಭಾವ ಚೆನ್ನಾಗಿಲ್ಲ ಎನ್ನಿಸಿದ ಕೂಡಲೇ ವಾದಿ ಮೌನವಾಗುತ್ತಿದ್ದ. ಪಕ್ಕದಲ್ಲೇ ನಿಂತಿದ್ದರೂ ಕರೆದಾಗ ಉತ್ತರಿಸುತ್ತಿರಲಿಲ್ಲ. ತೀರ್ಪು ಬಂದು ಸೋತರೆ ಆ ವಿಷಯ ಶಾಶ್ವತವಾಗಿ ಮುಗಿಯಿತು. ನಾನ್‌ಸೂಟ್ ಆದರೆ ನಾಳೆ ಇನ್ನೊಂದು ದಾವೆ ಹಾಕಬಹುದು. 18ನೇ ಶತಮಾನದಲ್ಲಿ ಇಂಗ್ಲಿಷ್ ಕಾನೂನನ್ನು ವಿವರಿಸಿ ಬರೆದ ವಿಲಿಯಂ ಬ್ಲ್ಯಾಕ್‌ಸ್ಟೋನ್ ಈ ಲೆಕ್ಕಾಚಾರವನ್ನು ಮುಚ್ಚುಮರೆಯಿಲ್ಲದೆ ಹೇಳಿದ್ದಾರೆ. ಜ್ಯೂರಿ ತೀರ್ಪು ಉಚ್ಚರಿಸಿದ ಮೇಲೂ ಹೀಗೆ ಜಾರಿಕೊಳ್ಳುವುದನ್ನು ತಡೆಯಲು 15ನೇ ಶತಮಾನದ ಆರಂಭದಲ್ಲೇ, ನಾಲ್ಕನೇ ಹೆನ್ರಿಯ ಕಾಲದಲ್ಲಿ, ಒಂದು ಶಾಸನ ಮಾಡಬೇಕಾಯಿತು. 19ನೇ ಶತಮಾನದ ಕೊನೆಯ ಕಾಲುಭಾಗದ ಸುಧಾರಣೆಗಳಲ್ಲಿ ಈ ಹಕ್ಕು ಅಲ್ಲಿ ಪೂರ್ತಿ ಹೋಯಿತು.

ವಾದಿಗೆ ಇದು ಅನುಕೂಲ. ಎದುರಿಗಿದ್ದವನ ಪಾಡು? ಅವನು ವಕೀಲನಿಗೆ ಹಣ ಕೊಟ್ಟು, ಸಾಕ್ಷಿಗಳನ್ನು ಕರೆತಂದು, ಗೆಲ್ಲುವ ಹಂತಕ್ಕೆ ಬಂದಿರುತ್ತಾನೆ. ಆಗ ಎದುರಾಳಿ ಆಟ ನಿಲ್ಲಿಸಿ, ಇನ್ನೊಂದು ದಿನ ಮೊದಲಿನಿಂದ ಶುರುಮಾಡುತ್ತೇನೆ ಎಂದು ಹೊರಟುಹೋದರೆ ಅವನ ಗೆಲುವು ಎಲ್ಲಿ ಉಳಿಯಿತು? ಅರ್ಜಿ ವಾಪಸಾತಿಯ ಕಾನೂನು ಹುಟ್ಟಿದ್ದೇ ಈ ಪ್ರತಿವಾದಿಯ ಸಂಕಟದಿಂದ ಎನ್ನಬಹುದು.

1859ರಲ್ಲಿ ಬ್ರಿಟಿಷ್ ಭಾರತಕ್ಕೆ ಸಿವಿಲ್ ಪ್ರಕ್ರಿಯಾ ಸಂಹಿತೆ ಬಂದಾಗ ಅದರ 97ನೇ ಕಲಮು ಈ ಆಟಕ್ಕೆ ಕಡಿವಾಣ ಹಾಕಿತು. ದಾವೆಯನ್ನು ಹಿಂದಕ್ಕೆ ಪಡೆದು ಅದೇ ವಿಷಯಕ್ಕೆ ಹೊಸ ದಾವೆ ಹೂಡಬೇಕೆಂದಿದ್ದರೆ, ಸಾಕಷ್ಟು ಕಾರಣಗಳಿವೆ ಎಂದು ವಾದಿ ನ್ಯಾಯಾಲಯಕ್ಕೆ ಮನವರಿಕೆ ಮಾಡಿ ಅನುಮತಿ ಪಡೆಯಬೇಕು. ಅನುಮತಿ ಇಲ್ಲದೆ ಹಿಂದಕ್ಕೆ ಪಡೆದರೆ ಮತ್ತೆ ಆ ವಿಷಯ ಎತ್ತುವಂತಿಲ್ಲ. ವಾಪಸಾತಿ ಬೇರೆ, ವಾಪಸಾತಿಯ ಜೊತೆಗೆ ಸಿಗುವ ಸ್ವಾತಂತ್ರ್ಯ ಬೇರೆ ಎಂಬ ಭೇದ ಭಾರತದ ಸಂಹಿತೆಯಲ್ಲಿ ಅಂದೇ ಮೂಡಿತು. ಇಂದಿಗೂ ಎಲ್ಲವೂ ನಿಂತಿರುವುದು ಅದರ ಮೇಲೆ.

ಯಾವ ಕಾರಣ ‘ಸಾಕಷ್ಟು’ ಎಂಬುದಕ್ಕೆ ದಾರಿ ತೋರಿಸಿದ್ದು ಲಂಡನ್ನಿನ ಪ್ರಿವಿ ಕೌನ್ಸಿಲ್, 1869ರಲ್ಲಿ. ಬಂಗಾಳದ ವಾಟ್ಸನ್ ಕಂಪನಿಗೂ ರಾಜಶಾಹಿಯ ಕಲೆಕ್ಟರಿಗೂ ನಡೆದ ವ್ಯಾಜ್ಯವದು. ತಪ್ಪು ಕಕ್ಷಿದಾರರನ್ನು ಸೇರಿಸಿರುವುದು, ದಾಖಲೆಗೆ ಸರಿಯಾದ ಸ್ಟಾಂಪ್ ಇಲ್ಲದಿರುವುದು, ದಾವೆಯ ಮೌಲ್ಯ ತಪ್ಪಾಗಿ ತೋರಿಸಿರುವುದು, ಇಂತಹ ರೂಪದ ದೋಷಗಳಿಂದ ದಾವೆ ಬಿದ್ದರೆ ಇನ್ನೊಂದು ಅವಕಾಶ ಕೊಡುವುದುಂಟು. ಆದರೆ ವಿಚಾರಣೆಗೆ ಇಳಿದು, ಒದಗಿಸಬೇಕಾದ ಪುರಾವೆ ಒದಗಿಸಲಾಗದೆ ಸೋತವನಿಗೆ ಎರಡನೆಯ ದಾವೆಯ ಸ್ವಾತಂತ್ರ್ಯ ಕೊಟ್ಟ ಉದಾಹರಣೆ ತಮಗೆ ತಿಳಿದಿಲ್ಲ ಎಂಬರ್ಥದ ಮಾತನ್ನು ಪ್ರಿವಿ ಕೌನ್ಸಿಲ್ ಹೇಳಿತು. ಮುಂದೆ ಸಂಹಿತೆಯಲ್ಲಿ ಕಾಣಿಸಿಕೊಂಡ ‘ಔಪಚಾರಿಕ ದೋಷ’ ಎಂಬ ಮಾತಿನ ಹಿಂದೆ ಇದೇ ಆಲೋಚನೆಯಿದೆ.

ಇಂದು ಜಾರಿಯಲ್ಲಿರುವ 1908ರ ಸಂಹಿತೆಯಲ್ಲಿ ಈ ವಿಷಯ 23ನೇ ಆದೇಶದ 1ನೇ ನಿಯಮದಲ್ಲಿದೆ. ಸರ್ಕಾರದ ಮೇಲೆ ದಾವೆ ಹೂಡುವ ಮೊದಲು, ತುರ್ತು ಸಂದರ್ಭ ಬಿಟ್ಟರೆ, ಎರಡು ತಿಂಗಳ ನೋಟಿಸ್ ಕೊಡಬೇಕು. ಒಬ್ಬ ರೈತ ಅದನ್ನು ಕೊಡದೆ ದಾವೆ ಹಾಕಿದನೆನ್ನಿ. ಜಮೀನು ಅವನದೇ ಆಗಿದ್ದರೂ ನೋಟಿಸ್ ಇಲ್ಲದ ಕಾರಣಕ್ಕೆ ದಾವೆ ಬಿದ್ದುಹೋಗುತ್ತದೆ. ಅಂಥವನು ದೋಷವನ್ನು ಒಪ್ಪಿಕೊಂಡು, ದಾವೆಯನ್ನು ಹಿಂದಕ್ಕೆ ಪಡೆದು, ನೋಟಿಸ್ ಕೊಟ್ಟು ಮತ್ತೆ ಬರಲು ಅನುಮತಿ ಕೇಳಿದರೆ ನ್ಯಾಯಾಲಯ ಸಾಮಾನ್ಯವಾಗಿ ಇಲ್ಲ ಎನ್ನುವುದಿಲ್ಲ.

ಇದರ ಪಕ್ಕದಲ್ಲೇ ಇರುವ 2ನೇ ನಿಯಮವನ್ನು ಎಷ್ಟೋ ಕಕ್ಷಿದಾರರು ಗಮನಿಸುವುದಿಲ್ಲ. ಅನುಮತಿ ಪಡೆದು ಹೊಸ ದಾವೆ ಹೂಡಿದರೂ ಕಾಲಮಿತಿಯ ಲೆಕ್ಕದಲ್ಲಿ ಮೊದಲ ದಾವೆ ಇರಲೇ ಇಲ್ಲವೆಂದು ಭಾವಿಸಬೇಕು. ಸಾಲದ ಹಣಕ್ಕೆ ಮೂರು ವರ್ಷದ ಗಡುವು ಮುಗಿಯುತ್ತಾ ಬಂದಾಗ ದಾವೆ ಹೂಡಿ, ವರ್ಷ ಕಳೆದು ಅನುಮತಿಯೊಂದಿಗೆ ಹಿಂದಕ್ಕೆ ಪಡೆದವನ ಕೈಯಲ್ಲಿ ಅನುಮತಿ ಇರುತ್ತದೆ, ಗಡುವು ಇರುವುದಿಲ್ಲ. ಮೊದಲ ನ್ಯಾಯಾಲಯಕ್ಕೆ ಅಧಿಕಾರವ್ಯಾಪ್ತಿಯೇ ಇರಲಿಲ್ಲ ಎಂಬಂಥ ಕಾರಣಕ್ಕೆ ಅನುಮತಿ ಸಿಕ್ಕಿದ್ದರೆ ಮಾತ್ರ 1963ರ ಕಾಲಮಿತಿ ಕಾಯ್ದೆ ಸ್ವಲ್ಪ ಕನಿಕರ ತೋರುತ್ತದೆ.

ಮಂಡ್ಯದ ನ್ಯಾಯಮೂರ್ತಿಯ ತೀರ್ಪು

ಇಷ್ಟೂ ದಾವೆಗಳ ಮಾತಾಯಿತು. 1950ರಲ್ಲಿ ಸಂವಿಧಾನ ಬಂದ ಮೇಲೆ ಹೊಸ ಬಗೆಯ ಅರ್ಜಿಗಳು ಬಂದವು. 226ನೇ ವಿಧಿಯಡಿ ಹೈಕೋರ್ಟಿಗೆ, 32ನೇ ವಿಧಿಯಡಿ ನೇರವಾಗಿ ಸುಪ್ರೀಂ ಕೋರ್ಟಿಗೆ ರಿಟ್ ಅರ್ಜಿ ಸಲ್ಲಿಸಬಹುದಾಯಿತು. ಇವುಗಳಿಗೆ ಸಿವಿಲ್ ಸಂಹಿತೆಯ ವಾಪಸಾತಿ ನಿಯಮ ಅನ್ವಯಿಸುತ್ತದೆಯೇ?

1961ರಲ್ಲಿ ದರಿಯಾವ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಇದರ ಹತ್ತಿರ ಬಂದಿತ್ತು. ತೀರ್ಪು ಬರೆದವರು ಹೆಸರಿನಲ್ಲೇ ನಮ್ಮ ಗಜೇಂದ್ರಗಡವನ್ನು ಹೊತ್ತ ನ್ಯಾಯಮೂರ್ತಿ ಪಿ.ಬಿ. ಗಜೇಂದ್ರಗಡ್ಕರ್. ಹೈಕೋರ್ಟ್ ಗುಣದೋಷಗಳನ್ನು ನೋಡಿ ತೀರ್ಮಾನಿಸಿದ ವಿಷಯವನ್ನು 32ನೇ ವಿಧಿಯಡಿ ಮತ್ತೆ ಎತ್ತುವಂತಿಲ್ಲ ಎಂಬುದು ಅದರ ಮುಖ್ಯ ತೀರ್ಮಾನ. ಅದರೊಳಗೇ ಇನ್ನೊಂದು ಮಾತಿತ್ತು: ಹೈಕೋರ್ಟಿನ ಅರ್ಜಿ ‘ವಾಪಸ್ ಪಡೆದ ಕಾರಣ ವಜಾ’ ಆಗಿದ್ದರೆ ಅಲ್ಲಿ ಗುಣದೋಷದ ತೀರ್ಮಾನವೇ ಇಲ್ಲ, ಆದ್ದರಿಂದ 32ನೇ ವಿಧಿಯ ಅರ್ಜಿಗೆ ಅದು ಅಡ್ಡಿಯಾಗದು. ಒಮ್ಮೆ ತೀರ್ಮಾನವಾದದ್ದನ್ನು ಮತ್ತೆ ಕೆದಕಬಾರದೆಂಬ ‘ಪೂರ್ವನಿರ್ಣಯ’ ತತ್ವಕ್ಕೆ ನಿರ್ಣಯವೊಂದು ಇರಲೇಬೇಕಲ್ಲ.

ಇತ್ತ 1976ರಲ್ಲಿ ಸಂಸತ್ತು ಸಿವಿಲ್ ಸಂಹಿತೆಗೆ ದೊಡ್ಡ ತಿದ್ದುಪಡಿ ತಂದಾಗ, ಸಂಹಿತೆಯ ಪ್ರಕ್ರಿಯೆಯನ್ನು ಇತರ ನಡಾವಳಿಗಳಿಗೂ ಹಬ್ಬಿಸುವ 141ನೇ ಕಲಮಿಗೆ ಒಂದು ವಿವರಣೆ ಸೇರಿಸಿತು. ಆ ನಡಾವಳಿಗಳಲ್ಲಿ 226ನೇ ವಿಧಿಯ ರಿಟ್ ಅರ್ಜಿಗಳು ಸೇರುವುದಿಲ್ಲ ಎಂಬುದೇ ಆ ವಿವರಣೆ. ಬಸ್ ಸಂಸ್ಥೆಯ ಬೆನ್ನಿಗೆ ಹೀಗೆ ಎರಡು ಆಧಾರಗಳಿದ್ದವು. ಪೂರ್ವನಿರ್ಣಯ ತತ್ವ ಅಡ್ಡಿಯಾಗದು. 23ನೇ ಆದೇಶ ನೇರವಾಗಿ ಅನ್ವಯಿಸದು. ಕಾಗದದ ಮೇಲೆ ಅದರ ವಾದ ದುರ್ಬಲವೇನೂ ಆಗಿರಲಿಲ್ಲ.

ಆದರೂ 1986ರ ನವೆಂಬರ್‌ನಲ್ಲಿ ಬಂದ ತೀರ್ಪು ಸಂಸ್ಥೆಯ ವಿರುದ್ಧ ಹೋಯಿತು. ಬರೆದವರು ನ್ಯಾಯಮೂರ್ತಿ ಇ.ಎಸ್. ವೆಂಕಟರಾಮಯ್ಯ. ಮಂಡ್ಯ ಜಿಲ್ಲೆಯಲ್ಲಿ ಹುಟ್ಟಿ, ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿಯಾಗಿದ್ದು ದೆಹಲಿಗೆ ಹೋದವರು. 1989ರಲ್ಲಿ ಆರು ತಿಂಗಳ ಕಾಲ ಭಾರತದ ಮುಖ್ಯ ನ್ಯಾಯಮೂರ್ತಿಯಾಗಿದ್ದರು. ಪೂರ್ವನಿರ್ಣಯ ತತ್ವ ಇಲ್ಲಿ ಅನ್ವಯಿಸದು ಎಂಬುದನ್ನು ಅವರು ಒಪ್ಪಿದರು. ದರಿಯಾವ್ ತೀರ್ಪಿನ ಮಾತು 32ನೇ ವಿಧಿಯ ಅರ್ಜಿಗೆ ಸಂಬಂಧಿಸಿದ್ದು, ಹೈಕೋರ್ಟಿಗೇ ಎರಡನೆಯ ಸಲ ಬರುವವನಿಗೆ ಅದು ಆಧಾರವಾಗದು ಎಂದರು. ಬಳಿಕ ಅವರು ಹಿಡಿದದ್ದು ಬೇರೆಯೇ ದಾರಿ, ಸಾರ್ವಜನಿಕ ನೀತಿಯ ದಾರಿ.

ಅವರ ಆಲೋಚನೆಯ ಸಾರ ಹೀಗಿದೆ. ಬೇಡವೆಂದವನಿಗೆ ಕಾನೂನು ಬಲವಂತವಾಗಿ ಲಾಭ ಕೊಡುವುದಿಲ್ಲ. ತನ್ನ ಹಕ್ಕನ್ನು ತಾನೇ ಬಿಟ್ಟುಕೊಟ್ಟವನು ಮರುದಿನ ಬಂದು ಅದನ್ನೇ ಕೇಳಿದರೆ ಎದುರು ಪಕ್ಷದವನಿಗೆ ನೆಮ್ಮದಿಯೆಂಬುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಪೀಠವೊಂದರ ಒಲವು ತನಗೆ ವಿರುದ್ಧವಾಗಿ ಕಂಡ ಕೂಡಲೇ ಅರ್ಜಿ ಹಿಂದಕ್ಕೆ ಪಡೆದು, ಪೀಠ ಬದಲಾದಾಗ ಮತ್ತೆ ಹಾಕುವ ಚಾಳಿಗೆ ಎಡೆಯಾಗುತ್ತದೆ. ನಿಯಮ ನೇರವಾಗಿ ಅನ್ವಯಿಸದಿದ್ದರೂ ಅದರ ಹಿಂದಿನ ತತ್ವವನ್ನು ನ್ಯಾಯದಾನದ ಹಿತಕ್ಕಾಗಿ ರಿಟ್ ಅರ್ಜಿಗಳಿಗೂ ವಿಸ್ತರಿಸಬೇಕು. ಹೊಸ ಅರ್ಜಿಗೆ ಅನುಮತಿ ಪಡೆಯದೆ ಹಿಂದಕ್ಕೆ ಪಡೆದವನು, ಆ ವ್ಯಾಜ್ಯ ಕಾರಣದ ಮಟ್ಟಿಗೆ 226ನೇ ವಿಧಿಯ ಪರಿಹಾರವನ್ನು ಕೈಬಿಟ್ಟನೆಂದೇ ಭಾವಿಸಬೇಕು.

ಶತಮಾನಗಳ ಹಿಂದೆ ಇಂಗ್ಲೆಂಡಿನಲ್ಲಿ ಜ್ಯೂರಿಯ ಮುಖ ನೋಡಿ ಮೌನವಾಗುತ್ತಿದ್ದ ವಾದಿಗೂ, ಪೀಠದ ಒಲವು ನೋಡಿ ಅರ್ಜಿ ಎತ್ತಿಕೊಳ್ಳುವ ಅರ್ಜಿದಾರನಿಗೂ ಹೆಚ್ಚಿನ ಅಂತರವಿಲ್ಲ.

ತೀರ್ಪು ಎರಡು ಕಿಂಡಿಗಳನ್ನು ಮಾತ್ರ ತೆರೆದೇ ಇಟ್ಟಿತು. ಇಂಥ ವಾಪಸಾತಿ ಪೂರ್ವನಿರ್ಣಯವಲ್ಲವಾದ್ದರಿಂದ ಸಿವಿಲ್ ದಾವೆ, 32ನೇ ವಿಧಿಯ ಅರ್ಜಿ ಮುಂತಾದ ಬೇರೆ ಪರಿಹಾರಗಳಿಗೆ ಅವಕಾಶ ಉಳಿಯಬಹುದು. ಎರಡನೆಯದು ಹೆಚ್ಚು ತೂಕದ್ದು. ವ್ಯಕ್ತಿಯನ್ನು ಅಕ್ರಮವಾಗಿ ಬಂಧನದಲ್ಲಿಟ್ಟಾಗ ಹಾಕುವ ಹೇಬಿಯಸ್ ಕಾರ್ಪಸ್ ಅರ್ಜಿಗೆ, 21ನೇ ವಿಧಿಯ ಜೀವ ಮತ್ತು ಸ್ವಾತಂತ್ರ್ಯದ ಹಕ್ಕಿನ ಅರ್ಜಿಗೆ ಈ ಕಟ್ಟು ಇಲ್ಲ. ಅವುಗಳ ನೆಲೆಯೇ ಬೇರೆ ಎಂದು ತೀರ್ಪು ಸ್ಪಷ್ಟವಾಗಿ ಹೇಳಿತು. ಬಸ್ಸಿನ ಪರವಾನಗಿಯನ್ನು ಕೈಬಿಟ್ಟೆ ಎನ್ನಬಹುದು. ಸೆರೆಯಲ್ಲಿರುವವನು ತನ್ನ ಬಿಡುಗಡೆಯನ್ನು ಕೈಬಿಟ್ಟ ಎಂದು ಹೇಳಲಾಗದು.

1990ರ ದಶಕದ ಕೊನೆಯಲ್ಲಿ ಉಪಾಧ್ಯಾಯ ಕಂಪನಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದೇ ತತ್ವವನ್ನು ತನ್ನ ಮುಂದೆ ಬರುವ ವಿಶೇಷ ಅನುಮತಿ ಮೇಲ್ಮನವಿ ಅರ್ಜಿಗಳಿಗೂ ಅನ್ವಯಿಸಿತು.

ಹೀಗಾಗಿ ಆದೇಶದ ಪ್ರತಿ ಕೈಗೆ ಬಂದಾಗ ಕಕ್ಷಿದಾರ ಹುಡುಕಬೇಕಾದದ್ದು ‘ವಜಾ’ ಎಂಬ ಪದವನ್ನಲ್ಲ, ಹೊಸದಾಗಿ ಅರ್ಜಿ ಸಲ್ಲಿಸುವ ಸ್ವಾತಂತ್ರ್ಯ ಕಾಯ್ದಿರಿಸಲಾಗಿದೆ ಎಂಬ ಸಾಲನ್ನು. ವಕೀಲರು ಮಾತಿನಲ್ಲಿ ಕೇಳಿದ್ದರೂ ಅದು ಆದೇಶದಲ್ಲಿ ಬಾರದಿದ್ದರೆ ತೊಂದರೆ ತಪ್ಪದು. ಇನ್ನೊಂದು ವಿಷಯವೂ ಇದೆ. ಅರ್ಜಿಯ ಜೊತೆಗೇ ಅದರಲ್ಲಿ ಸಿಕ್ಕಿದ್ದ ಮಧ್ಯಂತರ ತಡೆಯಾಜ್ಞೆಯೂ ಹೋಗುತ್ತದೆ. ಮನೆ ಕೆಡವದಂತೆ, ಕೆಲಸದಿಂದ ತೆಗೆಯದಂತೆ ತಡೆ ಪಡೆದಿದ್ದವನಿಗೆ ಅರ್ಜಿ ವಾಪಸಾದ ದಿನದಿಂದ ಆ ರಕ್ಷಣೆ ಇಲ್ಲ.

ತಪ್ಪು ತಿಳಿವಳಿಕೆಯಿಂದಲೋ ಮೋಸಹೋಗಿಯೋ ಹಿಂದಕ್ಕೆ ಪಡೆದಿದ್ದರೆ? ವಾಪಸಾತಿಯನ್ನೇ ವಾಪಸ್ ಪಡೆಯಲು ಸಂಹಿತೆಯಲ್ಲಿ ಪ್ರತ್ಯೇಕ ನಿಯಮವಿಲ್ಲ. ಆದರೆ 2006ರ ಜೆಟ್ ಪ್ಲೈವುಡ್ ಪ್ರಕರಣದಲ್ಲಿ, ನ್ಯಾಯ ಕೆಡದಂತೆ ನೋಡಿಕೊಳ್ಳಲು 151ನೇ ಕಲಮಿನ ಅಂತರ್ಗತ ಅಧಿಕಾರ ಬಳಸಿ ಅಂಥ ಆದೇಶವನ್ನು ಹಿಂತೆಗೆದುಕೊಳ್ಳಬಹುದೆಂದು ಸುಪ್ರೀಂ ಕೋರ್ಟ್ ಹೇಳಿದೆ. ಅದು ಅಪರೂಪದ ಮದ್ದು.

ಹಾಕಿದವರದೇ ಅಲ್ಲದ ಅರ್ಜಿ

ಅರ್ಜಿ ಹಾಕಿದವನೇ ಅದರ ಯಜಮಾನ, ಬೇಕೆಂದಾಗ ಎತ್ತಿಕೊಳ್ಳಬಹುದು ಎಂಬ ನಂಬಿಕೆ ಎಲ್ಲ ಕಡೆಯೂ ನಡೆಯುವುದಿಲ್ಲ. ಚುನಾವಣಾ ತಕರಾರು ಅರ್ಜಿ ಇದಕ್ಕೆ ಉದಾಹರಣೆ. ಸೋತ ಅಭ್ಯರ್ಥಿಯೊಬ್ಬ ಅಕ್ರಮಗಳ ಪಟ್ಟಿ ಕೊಟ್ಟು ಗೆದ್ದವನ ಆಯ್ಕೆಯನ್ನು ಪ್ರಶ್ನಿಸುತ್ತಾನೆ. ಆಮೇಲೆ ಇಬ್ಬರೂ ಒಳಗೊಳಗೇ ರಾಜಿಯಾದರೆ? 1951ರ ಪ್ರಜಾಪ್ರತಿನಿಧಿ ಕಾಯ್ದೆಯ 109 ಮತ್ತು 110ನೇ ಕಲಮುಗಳು ಈ ಅನುಮಾನವನ್ನು ಮನಸ್ಸಿನಲ್ಲಿಟ್ಟುಕೊಂಡೇ ಬರೆದಂತಿವೆ. ಹೈಕೋರ್ಟಿನ ಅನುಮತಿ ಇಲ್ಲದೆ ಅರ್ಜಿ ವಾಪಸ್ ಪಡೆಯುವಂತಿಲ್ಲ. ಕೊಡುಕೊಳ್ಳುವ ವ್ಯವಹಾರದಿಂದ ವಾಪಸಾತಿ ನಡೆಯುತ್ತಿದೆ ಎಂದು ಕಂಡರೆ ಅನುಮತಿ ಕೊಡುವಂತಿಲ್ಲ. ಅನುಮತಿ ಕೊಟ್ಟರೆ ಅದನ್ನು ಗೆಜೆಟ್‌ನಲ್ಲಿ ಪ್ರಕಟಿಸಬೇಕು. ತಾನೇ ಅರ್ಜಿದಾರನಾಗಬಹುದಾಗಿದ್ದ ಯಾರೇ ಆದರೂ 14 ದಿನಗಳೊಳಗೆ ಮುಂದೆ ಬಂದು ಆ ಜಾಗದಲ್ಲಿ ನಿಲ್ಲಲು ಕೇಳಬಹುದು. ಕ್ಷೇತ್ರದ ಮತದಾರರೆಲ್ಲರ ವಿಷಯ ಇಬ್ಬರು ಅಭ್ಯರ್ಥಿಗಳ ಖಾಸಗಿ ಜಗಳವಾಗಬಾರದೆಂಬುದೇ ಇದರ ಉದ್ದೇಶ. ದೇಶದ ಕಾನೂನು ಪುಸ್ತಕಗಳಲ್ಲಿ ಇಷ್ಟು ಎಚ್ಚರದಿಂದ ಬರೆದ ವಾಪಸಾತಿ ನಿಯಮ ಹೆಚ್ಚಿಲ್ಲ.

ಸಾರ್ವಜನಿಕ ಹಿತಾಸಕ್ತಿ ಅರ್ಜಿಗಳು ಬಂದಾಗ ಇಂಥ ಲಿಖಿತ ನಿಯಮ ಇರಲಿಲ್ಲ. ಎಚ್.ಡಿ. ದೇವೇಗೌಡರು 1996ರ ಜೂನ್‌ನಲ್ಲಿ ಪ್ರಧಾನಿಯಾದಾಗ ಸಂಸತ್ತಿನ ಎರಡೂ ಸದನಗಳ ಸದಸ್ಯರಾಗಿರಲಿಲ್ಲ. ಅದನ್ನು ಪ್ರಶ್ನಿಸಿ ಎಸ್.ಪಿ. ಆನಂದ್ ಎಂಬುವರು ಹಾಕಿದ ಅರ್ಜಿಯನ್ನು ಅದೇ ವರ್ಷ ತಳ್ಳಿಹಾಕುವಾಗ ಸುಪ್ರೀಂ ಕೋರ್ಟ್ ಈ ಅಂಶವನ್ನೂ ಹೇಳಿತು: ಸಾರ್ವಜನಿಕ ಹಿತಾಸಕ್ತಿಯ ಅರ್ಜಿದಾರ ತನ್ನ ಇಷ್ಟ ಬಂದಂತೆ ಅದನ್ನು ಹಿಂದಕ್ಕೆ ಪಡೆಯುವಂತಿಲ್ಲ, ನ್ಯಾಯಾಲಯಕ್ಕೆ ಸಕಾರಣ ಕಾಣಬೇಕು.

ಈ ಮಾತಿಗೆ ಎಂಟು ವರ್ಷ ಮೊದಲೇ ನೆಲೆ ಸಿಕ್ಕಿತ್ತು. ಮುಂಬೈಯ ಪತ್ರಕರ್ತೆ ಶೀಲಾ ಬರ್ಸೆ, ದೇಶದ ಜೈಲುಗಳಲ್ಲಿದ್ದ 16 ವರ್ಷದೊಳಗಿನ ಮಕ್ಕಳ ಪರವಾಗಿ ಸುಪ್ರೀಂ ಕೋರ್ಟಿಗೆ ಹೋಗಿದ್ದರು. 1986ರಲ್ಲಿ ನ್ಯಾಯಾಲಯ ಹಲವು ನಿರ್ದೇಶನಗಳನ್ನು ಕೊಟ್ಟಿತು. ರಾಜ್ಯಗಳು ಮಾಹಿತಿ ಕೊಡಲು ತಡಮಾಡಿದವು, ಮುಂದೂಡಿಕೆಗಳ ಮೇಲೆ ಮುಂದೂಡಿಕೆ ಬಂತು. 1988ರಲ್ಲಿ ಬೇಸತ್ತ ಅವರು ಅರ್ಜಿಯನ್ನು ವಾಪಸ್ ಪಡೆಯಲು ಅನುಮತಿ ಕೇಳಿದರು. ಮುಂದೆ ಮುಖ್ಯ ನ್ಯಾಯಮೂರ್ತಿಯಾದ, ಕರ್ನಾಟಕದವರೇ ಆದ ಎಂ.ಎನ್. ವೆಂಕಟಾಚಲಯ್ಯನವರಿದ್ದ ಪೀಠ ಅದಕ್ಕೆ ಒಪ್ಪಲಿಲ್ಲ. ಇತರರ ಪರವಾಗಿ ಅರ್ಜಿ ತಂದವರ ಹಕ್ಕು, ಆ ಇತರರ ಹಿತಕ್ಕೆ ಅಧೀನವಾಗಿರಬೇಕು ಎಂಬುದು ಪೀಠದ ನಿಲುವು. ಜೈಲಿನಲ್ಲಿದ್ದ ಮಕ್ಕಳು ಅರ್ಜಿ ವಾಪಸ್ ಪಡೆಯಲು ಯಾರಿಗೂ ಹೇಳಿರಲಿಲ್ಲ. ಬರ್ಸೆಯವರ ಹೆಸರನ್ನು ತೆಗೆದುಹಾಕಿ, ಸುಪ್ರೀಂ ಕೋರ್ಟ್ ಕಾನೂನು ನೆರವು ಸಮಿತಿಯನ್ನು ಅವರ ಜಾಗದಲ್ಲಿ ನಿಲ್ಲಿಸಿ, ವಿಚಾರಣೆಯನ್ನು ಮುಂದುವರಿಸಲಾಯಿತು.